ಆಕಾಶದಿಂದ ಇಳಿದವರ ನೆಲದ ಕಥೆ

ಪ್ಯಾರಾಷೂಟ್ ಯೋಧನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಿಮಾನದ ಬಾಗಿಲಿನಿಂದ ಶೂನ್ಯಕ್ಕೆ ಧುಮುಕುವ ಒಂದು ಕ್ಷಣ. ಆದರೆ ಯುದ್ಧಕಾಲದಲ್ಲಿ ಅಂತಹ ಪಡೆಗಳಲ್ಲಿದ್ದವರೇ ಬರೆದಿಟ್ಟುದನ್ನು ಓದಿದರೆ, ಅವರ ಕಥೆಯ ಬಹುಭಾಗ ನೆಲದ ಮೇಲಿನದೆಂಬುದು ತಿಳಿಯುತ್ತದೆ.

ಧುಮುಕುವ ಕ್ರಮ ಸರಳವಾದುದು. ಯೋಧನ ಬೆನ್ನಿನ ಗಂಟಿಗೆ ಸೇರಿದ ಪಟ್ಟಿಯ ಇನ್ನೊಂದು ತುದಿಯನ್ನು ವಿಮಾನದೊಳಗೆ ಸಿಕ್ಕಿಸಿರುತ್ತಾರೆ. ಅವನು ಹೊರಬಿದ್ದೊಡನೆ ಅದು ಬಿಗಿದು ಕೊಡೆಯನ್ನು ಬಿಚ್ಚಿಬಿಡುತ್ತದೆ. ಅವನ ಕೈಗೆ ಕೆಲಸವಿಲ್ಲ. ಕಾಲು ನೆಲ ಮುಟ್ಟಿದ ಮೇಲೆಯೇ ನಿಜವಾದ ಪರೀಕ್ಷೆ. ಹೊತ್ತಷ್ಟೇ ಆಯುಧ, ತಂದಷ್ಟೇ ನೀರು. ಹಿಂದಿನಿಂದ ಸಾಮಾನಿನ ಬಂಡಿ ಬರುವುದಿಲ್ಲ.

ಭಾರತದ 50ನೆಯ ಪ್ಯಾರಾಷೂಟ್ ಬ್ರಿಗೇಡು ಹುಟ್ಟಿದ್ದು 1941ರಲ್ಲಿ. ಭಾರತೀಯರಲ್ಲಿ ಮೊದಲು ಧುಮುಕಿದವರು ಸೈನ್ಯದ ವೈದ್ಯ ರಂಗರಾಜ್ ಮತ್ತು ಹವಿಲ್ದಾರ್ ಮೇಜರ್ ಮಥುರಾ ಸಿಂಗ್. 1944ರ ಮಾರ್ಚ್ ತಿಂಗಳಲ್ಲಿ ಈ ಬ್ರಿಗೇಡು ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ಜಪಾನೀಯರ ಮುನ್ನಡೆಗೆ ಅಡ್ಡ ನಿಂತಿತು. ವಿಚಿತ್ರವೆಂದರೆ, ಅಲ್ಲಿ ಪ್ಯಾರಾಷೂಟಿನಿಂದ ಇಳಿದುದು ಯೋಧರಲ್ಲ, ಅವರ ಸಾಮಾನು. ಅದರಲ್ಲಿಯೂ ಬಹಳಷ್ಟು ಶತ್ರುವಿನ ಕಡೆ ಬಿದ್ದಿತು. ಅಗೆದರೆ ಬಂಡೆ, ಮುಳ್ಳುತಂತಿ ಇಲ್ಲ, ನೀರಿಗೆ ಬರ. 26ರ ರಾತ್ರಿ ಉಳಿದವರು ಕಾಡಿನೊಳಗಿಂದ ಹೊರಬಿದ್ದರು. ಸುಮಾರು 600 ಮಂದಿಯನ್ನು ಬ್ರಿಗೇಡು ಕಳೆದುಕೊಂಡಿತು. ಕೊಹಿಮಾ ಮತ್ತು ಇಂಫಾಲಗಳಿಗೆ ಅಮೂಲ್ಯವಾದ ಕಾಲ ದೊರೆಯಿತು. ಆದರೂ ಬ್ರಿಗೇಡಿನ ಹೆಸರಿಗೆ ಮಸಿ ಹತ್ತಿತು, ದಳಪತಿ ಅಧಿಕಾರ ಕಳೆದುಕೊಂಡರು. 153ನೆಯ ಗೂರ್ಖಾ ಪಡೆಯ ವೈದ್ಯ ಎರಿಕ್ ನೀಲ್ಡ್, ಆ ಬ್ರಿಗೇಡಿನ ಹ್ಯಾರಿ ಸೀಮನ್ ಮುಂತಾದವರು ದಶಕಗಳ ಮೇಲೆ ಬರೆದ ಪುಸ್ತಕಗಳು ಆ ಮಸಿಯನ್ನು ತೊಳೆಯಲು ನೆರವಾದವು. ಬರೆದಿಟ್ಟ ಮಾತಿನ ಬೆಲೆ ಅಷ್ಟು.

1945ರ ಮೇ 1ರಂದು ರಂಗೂನಿನ ಬಳಿಯ ಎಲಿಫೆಂಟ್ ಪಾಯಿಂಟಿನಲ್ಲಿ ಗೂರ್ಖಾ ಪಡೆ ನಿಜವಾಗಿಯೂ ಆಕಾಶದಿಂದ ಇಳಿಯಿತು. ಮಳೆಯಿಂದ ತುಂಬಿದ ಕೆಸರಿನಲ್ಲಿ ಗುರಿಯತ್ತ ನಡೆಯಬೇಕಾಯಿತು. ಸ್ವಪಕ್ಷದ ಬಾಂಬುಗಳೇ ಕೆಲವರನ್ನು ಗಾಯಗೊಳಿಸಿದವು. ಮಳೆಗಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳ ಎರೆಹೊಲವನ್ನು ದಾಟಿದವರು, ಭಾರ ಹೊತ್ತ ಯೋಧನಿಗೆ ಕೆಸರು ಎಂತಹ ವೈರಿಯೆಂಬುದನ್ನು ಊಹಿಸಿಕೊಳ್ಳಬಲ್ಲರು.

ಈ ವೃತ್ತಾಂತ ನಮಗೆ ತೀರ ದೂರದ್ದೂ ಅಲ್ಲ. 1948ರವರೆಗೆ ಈ ಮೂರು ತಾಲೂಕುಗಳೂ ನಿಜಾಮರ ರಾಜ್ಯದಲ್ಲಿದ್ದವು. ಅದೇ ರಾಜ್ಯದಲ್ಲಿ ರಸಲ್ ಬ್ರಿಗೇಡೆಂದು ಮೊದಲಾದ ಪಡೆಯೊಂದು 19ನೆಯ ಹೈದರಾಬಾದ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಾಗಿ, 1945ರಲ್ಲಿ ಕುಮಾವೂಂ ಎಂಬ ಹೆಸರು ತಳೆದು, ಅನಂತರ ಪ್ಯಾರಾಷೂಟ್ ಪಡೆಯಾಯಿತು. ಹೆಸರು ದಕ್ಷಿಣದ್ದು, ಜನ ಬಡಗಣವರು. ಬೆಳಗಾವಿಯನ್ನು ನೆಲೆಯಾಗುಳ್ಳ ಮರಾಠಾ ರೆಜಿಮೆಂಟಿನಿಂದ ಬಂದ ಇನ್ನೊಂದು ಪಡೆ 1971ರ ಡಿಸೆಂಬರ್ 11ರಂದು ಟಾಂಗೈಲಿನಲ್ಲಿ ಇಳಿಯಿತು. ಅಲ್ಲಿ ಹಳ್ಳಿಯ ಜನರೇ ಬಂದು ಅವರ ಹೊರೆಗೆ ಹೆಗಲು ಕೊಟ್ಟರು.

ಇಲ್ಲಿ ಒಂದು ಕೊರತೆಯನ್ನು ಹೇಳಬೇಕು. ನಾವು ಹೆಸರಿಸಿದ ಪುಸ್ತಕಗಳು ಅಧಿಕಾರಿಗಳವು, ಇಂಗ್ಲಿಷಿನವು. ಸಿಪಾಯಿಯ ಮಾತು ಬಹುಮಟ್ಟಿಗೆ ಮನೆಯ ಜಗಲಿಯಲ್ಲಿಯೇ ಉಳಿದು, ಅವನೊಡನೆ ಮುಗಿದುಹೋಯಿತು. 1971ರಲ್ಲಿ ಹೋರಾಡಿದವರಿಗೂ ಈಗ ಎಪ್ಪತ್ತು ದಾಟಿದೆ. ಅಂತಹ ನಿವೃತ್ತ ಯೋಧರು ನಮ್ಮ ನೆರೆಯಲ್ಲಿದ್ದರೆ, ಅವರ ಮಾತನ್ನು ಅವರ ನುಡಿಯಲ್ಲಿಯೇ, ಊರು ಇಸವಿಗಳೊಡನೆ ಬರೆದುಕೊಳ್ಳುವುದು ಓದುಬಲ್ಲ ನಮ್ಮ ಹೊಣೆ. ಧುಮುಕುವಾಗ ಭಯವಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಇಳಿದ ಮೇಲೆ ನೀರು ಎಲ್ಲಿ ಸಿಕ್ಕಿತು, ಗಾಯಗೊಂಡ ಗೆಳೆಯನನ್ನು ಯಾರು ಹೊತ್ತರು ಎಂದು ನಾವು ಕೇಳೋಣ.