ನೀರು ತಿಳಿಯಾಗಿದೆ, ಮೀನು ಏಕೆ ಸತ್ತಿತು?

ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಮನೆಯ ಅಕ್ವೇರಿಯಂ ಬಗ್ಗೆ ಚರ್ಚೆ ನಡೆದ ದಿನ ಫೋನ್ ಮಾಡಿದ ವೀಕ್ಷಕರಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ. "ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇವೆ. ನೀರು ಕನ್ನಡಿಯಂತೆ ತಿಳಿಯಾಗಿದೆ. ಆದರೂ ವಾರ ಕಳೆಯುವಷ್ಟರಲ್ಲಿ ಮೀನುಗಳು ಸತ್ತುಹೋದವು. ಏಕೆ?" ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದಕ್ಕೆ ಪೂರ್ಣ ಉತ್ತರ ಕೊಡಲು ಸಮಯ ಸಾಲಲಿಲ್ಲ. ಆ ಬಾಕಿಯನ್ನು ಈ ಪುಟಗಳಲ್ಲಿ ತೀರಿಸುತ್ತಿದ್ದೇನೆ.

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು. ಕೆಲವು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು 60 ಲೀಟರಿನ ಗಾಜಿನ ತೊಟ್ಟಿಯೊಂದನ್ನು ತಂದೆ. ಶುಕ್ರವಾರ ಉಪ್ಪು ಬೆರೆಸಿದ ನೀರು ತುಂಬಿಸಿದ್ದಾಯಿತು. ಭಾನುವಾರ ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಗಳಿರುವ ಎರಡು ಕ್ಲೌನ್ ಮೀನುಗಳು ಬಂದವು. ಮಗಳು ದಿನಕ್ಕೆ ಮೂರು ಸಲ ಆಹಾರ ಹಾಕಿದಳು. ಆರನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಅಂಗಡಿಯವರನ್ನು ಕೇಳಿದರೆ, "ಪಿ.ಎಚ್. ಇಳಿದಿರಬೇಕು" ಎಂದು ಒಂದು ಪುಡಿ ಕೊಟ್ಟರು. ತಂದು ಕರಗಿಸಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಎರಡೂ ಸತ್ತಿದ್ದವು. "ಅಪ್ಪಾ, ನೀರು ಇಷ್ಟು ಚೆನ್ನಾಗಿದೆಯಲ್ಲಾ?" ಎಂದಳು ಮಗಳು. ಉತ್ತರ ನಾನು ಓದಿದ್ದ ಪುಸ್ತಕದಲ್ಲೇ ಇತ್ತು. ನಾನು ಅದನ್ನು ಪರೀಕ್ಷೆಗೆ ಮಾತ್ರ ಓದಿದ್ದೆ.

ಕಣ್ಣಿಗೆ ಕಾಣದ ವಿಷ

ಮೀನು ಉಸಿರಾಡುವಾಗ ಅದರ ಕಿವಿರುಗಳಿಂದ ಅಮೋನಿಯ ಹೊರಬರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಕಡಲಿನಲ್ಲಿ ಇದು ಅಪಾರ ನೀರಿನಲ್ಲಿ ಬೆರೆತು ಕ್ಷಣದಲ್ಲಿ ಇಲ್ಲವಾಗುತ್ತದೆ. ಆದರೆ 60 ಲೀಟರಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ಮೀನನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದರೂ ನಮ್ಮ ಮೂಗಿಗೆ ವಾಸನೆ ಬಡಿಯುವುದಿಲ್ಲ. ಆದ್ದರಿಂದಲೇ ತಿಳಿನೀರನ್ನು ಕಂಡು ನಾವು ಮೋಸ ಹೋಗುವುದು.

ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಅಮೋನಿಯಂ, ಇದರಿಂದ ಮೀನಿಗೆ ಹೆಚ್ಚಿನ ಹಾನಿಯಿಲ್ಲ. ಇನ್ನೊಂದು ಶುದ್ಧ ಅಮೋನಿಯ. ಇದು ಕಿವಿರನ್ನು ಸುಡುತ್ತದೆ. ಯಾವ ರೂಪ ಎಷ್ಟಿರಬೇಕೆಂಬುದನ್ನು ಮುಖ್ಯವಾಗಿ ನೀರಿನ ಪಿ.ಎಚ್., ಅಂದರೆ ಆಮ್ಲ-ಕ್ಷಾರಗಳ ಅಳತೆ, ನಿರ್ಧರಿಸುತ್ತದೆ. ಪಿ.ಎಚ್. 7 ಇರುವ ಸಿಹಿನೀರಿನಲ್ಲಿ ಒಟ್ಟು ಅಮೋನಿಯದ 100 ಪಾಲಿನಲ್ಲಿ ವಿಷರೂಪದ್ದು 1 ಪಾಲಿಗಿಂತ ಕಡಿಮೆ. ಕಡಲಿನ ನೀರಿನ ಪಿ.ಎಚ್. ಸುಮಾರು 8.2. ಅಲ್ಲಿ ಅದು 5 ಪಾಲಿಗೂ ಮೀರುತ್ತದೆ. ಸಿಹಿನೀರಿನ ಮೀನು ಸಾಕಿ ಪಳಗಿದವರೂ ಉಪ್ಪುನೀರಿನಲ್ಲಿ ಎಡವುವುದು ಇಲ್ಲಿಯೇ.

ನನಗೆ ಸಿಕ್ಕ ಪುಡಿ ಮಾಡಿದ್ದೇನೆಂದು ಈಗ ನಿಮಗೇ ಅರ್ಥವಾಗಿರಬಹುದು. ಅದು ಪಿ.ಎಚ್. ಏರಿಸಿತು. ಅಷ್ಟರವರೆಗೆ ಸುಮ್ಮನಿದ್ದ ಅಮೋನಿಯಂ ಒಂದೇ ರಾತ್ರಿಯಲ್ಲಿ ವಿಷರೂಪಕ್ಕೆ ತಿರುಗಿತು.

ಎರಡು ಬಗೆಯ ಬ್ಯಾಕ್ಟೀರಿಯಾ

ಹಾಗಾದರೆ ಗಾಜಿನ ತೊಟ್ಟಿಯಲ್ಲಿ ಮೀನು ಬದುಕುವುದಾದರೂ ಹೇಗೆ? ಈ ಕೆಲಸವನ್ನು ನಮಗಾಗಿ ಮಾಡುವವು ಬ್ಯಾಕ್ಟೀರಿಯಾಗಳು. ಮೊದಲ ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಎರಡನೆಯ ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಮಿತಿಯಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ. ಆಗಾಗ ಸ್ವಲ್ಪ ನೀರು ಬದಲಿಸಿ ಅದನ್ನು ಹೊರಹಾಕಬಹುದು. ನೈಟ್ರೈಟ್ ಸಿಹಿನೀರಿನ ಮೀನಿಗೆ ದೊಡ್ಡ ಗಂಡಾಂತರ. ಕಡಲ ನೀರಿನಲ್ಲಿರುವ ಹೇರಳ ಕ್ಲೋರೈಡ್ ಅದು ಕಿವಿರಿನ ಮೂಲಕ ಒಳನುಗ್ಗದಂತೆ ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಉಪ್ಪುನೀರಿನಲ್ಲಿ ಮೊದಲ ಶತ್ರು ಅಮೋನಿಯವೇ.

ಇಂಥ ಬ್ಯಾಕ್ಟೀರಿಯಾಗಳನ್ನು ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿನಲ್ಲಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್ ಎಂಬುದರದ್ದೆಂದು ಪುಸ್ತಕಗಳು ಬಹುಕಾಲ ಬರೆದವು. ಅಕ್ವೇರಿಯಂಗಳಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೊಸ್ಪೈರಾ ಎಂದು 1990ರ ದಶಕದ ಕೊನೆಯಲ್ಲಿ ತಿಳಿದುಬಂತು.

ಇವು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಮರಳು, ಕಲ್ಲು, ಫಿಲ್ಟರಿನ ಸ್ಪಂಜುಗಳಿಗೆ ಅಂಟಿಕೊಂಡು ಬಾಳುತ್ತವೆ. ಹೊಸ ತೊಟ್ಟಿಯಲ್ಲಿ ಇವು ಇಲ್ಲವೇ ಇಲ್ಲ ಎನ್ನಬೇಕು. ಬೆಳೆಯುವುದೂ ಬಹಳ ನಿಧಾನ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ಏಕೆಂದರೆ ಮೊಸರಿನ ಬ್ಯಾಕ್ಟೀರಿಯಾ ಬೇಗ ಬೇಗ ಇಮ್ಮಡಿಯಾಗುತ್ತದೆ. ಅಮೋನಿಯ ತಿನ್ನುವ ಈ ಜೀವಿಗಳಿಗೆ ಒಮ್ಮೆ ಇಮ್ಮಡಿಯಾಗಲು ಹಲವು ಗಂಟೆಗಳು, ಕೆಲವೊಮ್ಮೆ ಇಡೀ ಒಂದು ದಿನ ಬೇಕು. ಆದ್ದರಿಂದ ತೊಟ್ಟಿ ಹದಕ್ಕೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಈ ಕಾಯುವಿಕೆಯನ್ನು ತಪ್ಪಿಸಲು ಹೋದವರೇ ಮೀನು ಕಳೆದುಕೊಳ್ಳುವುದು.

ಮೀನಿಲ್ಲದ ಆರು ವಾರ

ಕಾಯುವುದೆಂದರೆ ಬರಿ ನೀರು ತುಂಬಿಸಿ ಸುಮ್ಮನೆ ಕೂರುವುದಲ್ಲ. ಬ್ಯಾಕ್ಟೀರಿಯಾಕ್ಕೂ ಆಹಾರ ಬೇಕು. ಹಿಂದೆ ಇದಕ್ಕಾಗಿ ಗಟ್ಟಿಜೀವದ ಒಂದೆರಡು ಮೀನುಗಳನ್ನು ಬಿಡುತ್ತಿದ್ದರು. ಅವು ಬದುಕಿದರೂ ಕಿವಿರು ಸುಟ್ಟುಕೊಂಡೇ ಬದುಕುತ್ತಿದ್ದವು. ಇದು ಅನಗತ್ಯ ಹಿಂಸೆ. ಮೀನೇ ಇಲ್ಲದೆ ಅಮೋನಿಯ ಒದಗಿಸಬಹುದು.

ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ನೀವು ನೋಡಿರಬಹುದು. ಅದೇ ಅಮೋನಿಯಂ ಕ್ಲೋರೈಡ್. ಪೇಟೆಯ ನವಸಾಗರದಲ್ಲಿ ಕಲಬೆರಕೆ ಇರುವುದುಂಟು. ಆದ್ದರಿಂದ ಪ್ರಯೋಗಾಲಯಕ್ಕೆ ಮಾರುವ ಶುದ್ಧ ರೂಪವನ್ನೇ ಕೊಳ್ಳಿ. 100 ಲೀಟರ್ ನೀರಿಗೆ ಸುಮಾರು 0.6 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂನಷ್ಟು ಅಮೋನಿಯ ಸಿಗುತ್ತದೆ. ಪಂಪು, ಫಿಲ್ಟರ್ ಹಗಲಿರುಳೂ ನಡೆಯುತ್ತಿರಲಿ. ನೀರಿನ ಶಾಖ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ.

ಇನ್ನು ಪರೀಕ್ಷಾ ಕಿಟ್. ಗಾಜಿನ ನಳಿಕೆಯಲ್ಲಿ ನೀರು ತೆಗೆದುಕೊಂಡು, ಹನಿ ದ್ರಾವಣ ಹಾಕಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡುವ ಸುಲಭ ಸಾಧನವಿದು. ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರಕ್ಕೂ ಬೇಕು. ಮೊದಲು ಅಮೋನಿಯ ಹಾಗೆಯೇ ನಿಂತಿರುತ್ತದೆ. ಆಮೇಲೆ ಅದು ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಅಮೋನಿಯ ಸೊನ್ನೆಗೆ ಇಳಿದಾಗಲೆಲ್ಲ ಮತ್ತೆ ಸ್ವಲ್ಪ ಹಾಕಿ. ಇಂದು ಹಾಕಿದ 2 ಮಿಲಿಗ್ರಾಂ 24 ಗಂಟೆಗಳಲ್ಲಿ ಮಾಯವಾಗಿ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಿರಿ. ಅರ್ಧದಷ್ಟು ನೀರು ಬದಲಿಸಿ ಒಂದೋ ಎರಡೋ ಮೀನು ಬಿಡಿ. ಮುಂದಿನ ಮೀನಿಗೆ ಮತ್ತೆ ಕೆಲವು ವಾರ ತಡೆಯಿರಿ.

ಪರಿಚಿತರ ಮನೆಯಲ್ಲಿ ಆರೋಗ್ಯವಾಗಿರುವ ಉಪ್ಪುನೀರಿನ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಸ್ಪಂಜಿನ ತುಂಡನ್ನು ಒದ್ದೆಯಾಗಿಯೇ ತಂದು ಹಾಕಬಹುದು. ಇದು ನಿಜವಾದ ಹೆಪ್ಪು. ವಾರಗಳ ಕೆಲಸ ಬೇಗನೆ ಮುಗಿಯುತ್ತದೆ. ಸಿಹಿನೀರಿನ ತೊಟ್ಟಿಯ ಬ್ಯಾಕ್ಟೀರಿಯಾ ಉಪ್ಪಿಗೆ ಸುಲಭವಾಗಿ ಒಗ್ಗುವುದಿಲ್ಲ.

ಉಪ್ಪಿನ ಲೆಕ್ಕ

ಕಡಲಿನ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಡುಗೆ ಉಪ್ಪು ಹಾಕಿದರೆ ಸಾಲದೇ ಎಂದು ಒಬ್ಬರು ಫೋನಿನಲ್ಲಿ ಕೇಳಿದರು. ಸಾಲದು. ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಮುಂತಾದವು ಇರುತ್ತವೆ. ಅಕ್ವೇರಿಯಂಗೆಂದೇ ಮಾರುವ ಕಡಲುಪ್ಪಿನ ಮಿಶ್ರಣ ಬಳಸಿ, ಹೈಡ್ರೋಮೀಟರಿನಲ್ಲಿ ಅಳೆಯಿರಿ, 1.025ರ ಆಸುಪಾಸಿನಲ್ಲಿರಲಿ.

ಕರಾವಳಿಯವರು ದಡದಿಂದ ಕ್ಯಾನಿನಲ್ಲಿ ನೀರು ತುಂಬಿ ತರುವುದುಂಟು. ಮಳೆಗಾಲದಲ್ಲಿ ಹೊಳೆ ಕಡಲು ಸೇರುವಲ್ಲಿ ನೀರು ಸಪ್ಪೆಯಾಗಿರುತ್ತದೆ, ಕೆಸರೂ ಕೊಳಕೂ ಸೇರಿರುತ್ತವೆ. ಮುಚ್ಚಿಟ್ಟ ಕ್ಯಾನಿನಲ್ಲಿ ಸೂಕ್ಷ್ಮಜೀವಿಗಳು ಸತ್ತು ಕೊಳೆಯುತ್ತವೆ. ಹೊಸಬರಿಗೆ ಇದು ಬೇಡ.

ಇನ್ನೊಂದು ತಪ್ಪು ತುಂಬ ಸಾಮಾನ್ಯ. 100 ಲೀಟರ್ ತೊಟ್ಟಿಯಲ್ಲಿ ಮೂರೂವರೆ ಕಿಲೋ ಉಪ್ಪಿದೆ ಎನ್ನೋಣ. ಬೇಸಿಗೆಯಲ್ಲಿ 10 ಲೀಟರ್ ಆವಿಯಾಯಿತು. ಉಪ್ಪು ಆವಿಯಾಗುವುದಿಲ್ಲ. ಉಳಿದ 90 ಲೀಟರಿನಲ್ಲಿ ಲೀಟರಿಗೆ 39 ಗ್ರಾಂನಷ್ಟು ಉಪ್ಪಾಯಿತು. ಈಗ ನೀವು ಮತ್ತೆ ಉಪ್ಪುನೀರು ಸುರಿದರೆ ಮೀನು ಉಪ್ಪಿನಕಾಯಿಯ ಜಾಡಿಯಲ್ಲಿ ಇದ್ದಂತಾಗುತ್ತದೆ. ಆವಿಯಾದ ಜಾಗಕ್ಕೆ ಸಿಹಿನೀರನ್ನೇ ಹಾಕಬೇಕು. ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗುರುತು ಅಂಟಿಸಿ, ದಿನವೂ ಅಲ್ಲಿಯವರೆಗೆ ತುಂಬಿಸಿ.

ಆ ಸಿಹಿನೀರು ಯಾವುದು? ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ರೋಗಾಣುಗಳ ಜೊತೆಗೆ ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ನೈಟ್ರೇಟ್ ಮೊದಲೇ ಇರುತ್ತದೆ. ಆರ್.ಓ. ಯಂತ್ರದ ನೀರು ಒಳ್ಳೆಯದು. ನಲ್ಲಿ ನೀರೇ ಗತಿಯೆಂದಾದರೆ ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ದ್ರಾವಣ ಹಾಕಿ ಬಳಸಿ. ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ ಹಾಕಿ.

ಹೆದರಬೇಕಾದದ್ದು, ಹೆದರಬೇಡವಾದದ್ದು

ಮೊದಲ ವಾರಗಳಲ್ಲಿ ನೀರು ಹಾಲು ಬೆರೆಸಿದಂತೆ ಮಬ್ಬಾದರೆ ಅದು ಬೇರೆ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿದ ಲಕ್ಷಣ, ತಾನಾಗಿ ತಿಳಿಯಾಗುತ್ತದೆ. ಕೆಲವು ವಾರಗಳ ನಂತರ ಮರಳಿನ ಮೇಲೆ ಕಂದು ಲೇಪ ಕಾಣಿಸಿದರೆ ಅವು ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು, ಅವೂ ಕಡಿಮೆಯಾಗುತ್ತವೆ. ನೋಡಲು ಚೆನ್ನಾಗಿಲ್ಲವೆಂದು ತೊಟ್ಟಿ ಬರಿದು ಮಾಡಿ ತಿಕ್ಕಿ ತೊಳೆದರೆ ಇಡೀ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಹೆದರಬೇಕಾದದ್ದು ಕರೆಂಟು ಹೋದಾಗ. ಒಂದೇ ಶಾಖದಲ್ಲಿ ಕಡಲ ನೀರು ಸಿಹಿನೀರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ. ನಮ್ಮ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೊಂದು ಮನೆಯಲ್ಲಿರಲಿ.

ಮೀನು ಈಗಾಗಲೇ ತೊಟ್ಟಿಯಲ್ಲಿದ್ದು ಅಮೋನಿಯ ಕಾಣಿಸಿಕೊಂಡರೆ? ಆಹಾರವನ್ನು ಒಂದೆರಡು ದಿನ ನಿಲ್ಲಿಸಿ. ಅದೇ ಉಪ್ಪು, ಅದೇ ಶಾಖವಿರುವ ಹೊಸ ನೀರಿನಿಂದ ಕಾಲು ಭಾಗದಿಂದ ಅರ್ಧದವರೆಗೆ ಬದಲಿಸಿ. ಗಾಳಿ ಹೆಚ್ಚಿಸಿ. ದಿನವೂ ಪರೀಕ್ಷಿಸಿ, ಬೇಕಾದರೆ ಮರುದಿನ ಮತ್ತೆ ಬದಲಿಸಿ. ಪಿ.ಎಚ್. ಏರಿಸುವ ಯಾವ ಪುಡಿಯನ್ನೂ ಆಗ ಮುಟ್ಟಬೇಡಿ.

ಕಡಲಿನ ಪಾಲು

ವಿದೇಶದ ಪುಸ್ತಕಗಳು ಬ್ಯಾಕ್ಟೀರಿಯಾಕ್ಕಾಗಿ ಹವಳದ ದಿಬ್ಬದಿಂದ ತಂದ 'ಜೀವಂತ ಬಂಡೆ' ಹಾಕಿರೆಂದು ಹೇಳುತ್ತವೆ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೂ ಕಡಲಕುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. 2001ರಲ್ಲಿ ಅವನ್ನು ಅದರ ಪಟ್ಟಿಗೆ ಸೇರಿಸಲಾಯಿತು. ಮುರುಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವು ಅಲ್ಲಿಯೇ ಇರಲಿ. ಸಣ್ಣ ರಂಧ್ರಗಳುಳ್ಳ ಸೆರಾಮಿಕ್ ತುಂಡುಗಳ ಮೇಲೂ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತದೆ. ಮೀನನ್ನೂ ಹಾಗೆಯೇ ಕೇಳಿ ಕೊಳ್ಳಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಅಂಥ ಮೀನಿಗೆ ತೊಟ್ಟಿಯ ಬದುಕು ಹೊಸದಲ್ಲ. ಕಡಲಿನಿಂದ ಹಿಡಿದು ತಂದ ಮೀನು ನಮ್ಮ ಅವಸರದಿಂದ ಸತ್ತರೆ ನಷ್ಟ ನಮ್ಮ ಕಿಸೆಗೆ ಮಾತ್ರ ಅಲ್ಲ.

ಎರಡನೆಯ ಸಲ ನಾವು ತೊಟ್ಟಿಗೆ ನೀರು ತುಂಬಿಸಿದಾಗ ಆರು ವಾರ ಅದರಲ್ಲಿ ಒಂದೂ ಮೀನಿರಲಿಲ್ಲ. ಮನೆಗೆ ಬಂದವರು ಖಾಲಿ ತೊಟ್ಟಿ ನೋಡಿ ನಕ್ಕರು. ಮಗಳು ದಿನವೂ ಪರೀಕ್ಷೆ ಮಾಡಿ ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಎರಡು ಸೊನ್ನೆಗಳು ಒಟ್ಟಿಗೆ ಬಂದ ದಿನ ಅವಳೇ ನನ್ನನ್ನು ಎಬ್ಬಿಸಿದಳು. ಆ ವಾರ ತಂದ ಜೋಡಿ ಕ್ಲೌನ್ ಮೀನುಗಳು ಇಂದಿಗೂ ನಮ್ಮ ಮನೆಯಲ್ಲಿವೆ.

ನೀವೂ ಹೊಸ ತೊಟ್ಟಿ ತರುವುದಾದರೆ, ಮೀನಿಗಿಂತ ಮೊದಲು ಪರೀಕ್ಷಾ ಕಿಟ್ ಕೊಳ್ಳಿ. ನೀರು ಹೇಗಿದೆ ಎಂದು ಕಣ್ಣನ್ನು ಕೇಳಬೇಡಿ; ಕಿಟ್ಟನ್ನು ಕೇಳಿ.