ಶಹಾಪುರದ ದಾರಿಯಲ್ಲಿ ಮಲಗಿದ ಬುದ್ಧ

ರಜೆ ಬಂತೆಂದರೆ ಮಕ್ಕಳು ಊಟಿ, ಮಡಿಕೇರಿ ಎನ್ನುತ್ತಾರೆ. ಈ ಸಲ ನಾವು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಯಾದಗಿರಿಯಿಂದ ಭೀಮಾ ನದಿ ದಾಟಿ ಶಹಾಪುರ, ಸುರಪುರದ ಗುಡ್ಡಗಳ ಕಡೆ ಹೊರಟೆವು.

"ಇದೇನ್ ಗುಡ್ಡ ಅಪ್ಪಾ, ಬರೇ ಕಲ್ಲು!" ಎಂದ ಮಗ.

ಆ ಕಲ್ಲಿನ ವಯಸ್ಸು ಹೇಳಿದೆ: ಸುಮಾರು 250 ಕೋಟಿ ವರ್ಷ. ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ ವರ್ಷವಷ್ಟೇ ಆಗಿದೆ. ಭೂಮಿಯ ಆಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು; ಮೇಲಿನ ಪದರಗಳು ಸವೆದ ಮೇಲೆ ಹೊರಗೆ ಕಂಡಿತು. ಬಿರುಕುಗಳಲ್ಲಿ ನೀರಿಳಿದು ಮೂಲೆಗಳನ್ನು ಸವೆಸಿದ್ದರಿಂದ ಬಂಡೆಗಳು ದುಂಡಗಾಗಿವೆ.

ಶಹಾಪುರದ ಬಳಿ ಮಗಳು ಕೂಗಿದಳು: "ಅಲ್ನೋಡ್ರಿ, ಯಾರೋ ಮಲಗ್ಯಾರ!" ಹಣೆ, ಮೂಗು, ಗದ್ದ, ಎದೆ. ಜನ 'ಮಲಗಿದ ಬುದ್ಧ' ಎಂದು ಕರೆಯುವ ಬೆಟ್ಟಸಾಲು ಅದು. ಗಾಡಿ ಮುಂದೆ ಹೋಗುತ್ತಿದ್ದಂತೆ ಬುದ್ಧ ಮಾಯ!

ಆತ ಎಲ್ಲಿಗೂ ಹೋಗಿರಲಿಲ್ಲ. ಬೇರೆ ಬೇರೆ ದೂರದಲ್ಲಿರುವ ಬೆಟ್ಟಗಳು ನಮ್ಮ ಕಣ್ಣಿಗೆ ಒಂದೇ ಸಾಲಾಗಿ ಕಂಡಾಗ ಮಾತ್ರ ಆ ರೂಪ ಕೂಡುತ್ತದೆ. ನಾವು ಸರಿದರೆ ಸಾಲು ಕೆಡುತ್ತದೆ. ಸಮೀಪದ ನಕ್ಷತ್ರಗಳ ದೂರವನ್ನು ವಿಜ್ಞಾನಿಗಳು ಅಳೆಯುವುದೂ ಇದೇ ತತ್ತ್ವದಿಂದ.

ಸುರಪುರ ನೋಡಿ ಮರಳುವಾಗ ದಾರಿಬದಿಯ ಜಲ್ಲಿ ರಾಶಿ ಕಂಡು ಮಗಳು ಕೇಳಿದಳು: "ಆ ಮೂಗಿನ ಗುಡ್ಡ ಒಡೆದ್ರ?"

"ಬುದ್ಧನ ಮುಖಾನೇ ಹೋಗ್ತದ. ಗಿಡ ಕಡಿದ್ರ ಮತ್ತೊಂದು ನೆಡಬಹುದು, ಗುಡ್ಡ ನೆಡಾಕ ಬರಂಗಿಲ್ಲ" ಎಂದೆ. ಊರು ಮುಟ್ಟುವವರೆಗೆ ಆಕೆ ಮಾತಾಡಲಿಲ್ಲ.

ಪಾಲಕರೇ, ದೂರದ ಗಿರಿಧಾಮಗಳಿಗೆ ಹೋಗುವ ಮೊದಲು ನಿಮ್ಮೂರಿನ ಗುಡ್ಡವನ್ನು ಮಕ್ಕಳಿಗೆ ಒಮ್ಮೆ ತೋರಿಸಿ. ನಾಳೆ ಅದನ್ನು ಉಳಿಸಬೇಕಾದವರು ಅವರೇ.