ಅಟೆಲೆಕ್ಟಾಸಿಸ್ (ಶ್ವಾಸಕೋಶದ ಅಂಗಾಂಶ ಕುಸಿತ)

ಅಟೆಲೆಕ್ಟಾಸಿಸ್ ಎಂದರೆ ಶ್ವಾಸಕೋಶದ ಒಂದು ಭಾಗವಾಗಲಿ, ಇಡೀ ಶ್ವಾಸಕೋಶವಾಗಲಿ ತನ್ನೊಳಗಿನ ಗಾಳಿಯನ್ನು ಕಳೆದುಕೊಂಡು ಕುಸಿದುಹೋಗುವ ಸ್ಥಿತಿ. 'ಅಪೂರ್ಣ' ಮತ್ತು 'ಹಿಗ್ಗುವಿಕೆ' ಎಂಬ ಅರ್ಥವುಳ್ಳ ಎರಡು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಇದು ಸ್ವತಂತ್ರವಾದ ರೋಗವಲ್ಲ. ಬೇರೊಂದು ಕಾಯಿಲೆಯ, ಗಾಯದ ಅಥವಾ ಶಸ್ತ್ರಚಿಕಿತ್ಸೆಯ ಪರಿಣಾಮ. ಹೆಚ್ಚಿನ ಸಂದರ್ಭಗಳಲ್ಲಿ ಇದನ್ನು ಸರಿಪಡಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಉಂಟಾಗುವ ಕುಸಿತವನ್ನು ರೋಗಿ ಹಾಗೂ ಆರೈಕೆ ಮಾಡುವವರ ಪ್ರಯತ್ನದಿಂದ ಬಹುಮಟ್ಟಿಗೆ ತಗ್ಗಿಸಬಹುದು.

ಇದನ್ನು ನ್ಯುಮೋಥೊರಾಕ್ಸ್ ಎಂಬ ಸ್ಥಿತಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ನ್ಯುಮೋಥೊರಾಕ್ಸ್‌ನಲ್ಲಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಅದು ಅಟೆಲೆಕ್ಟಾಸಿಸ್‌ಗೆ ಒಂದು ಕಾರಣವಾಗಬಲ್ಲುದೇ ಹೊರತು ಎರಡೂ ಒಂದೇ ಅಲ್ಲ.

ಕುಸಿತ ಉಂಟಾಗುವ ಬಗೆ

ಶ್ವಾಸನಾಳವು ಕವಲೊಡೆಯುತ್ತ ಹೋಗಿ ಕೊನೆಯಲ್ಲಿ ಅತಿ ಚಿಕ್ಕ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ವಯಸ್ಕರಲ್ಲಿ ಇಂತಹ ಗೂಡುಗಳು 30 ಕೋಟಿಗೂ ಹೆಚ್ಚು. ಒಂದೊಂದರ ಅಡ್ಡಳತೆ ಸುಮಾರು 0.2 ಮಿಲಿಮೀಟರ್. ಆಮ್ಲಜನಕವು ರಕ್ತವನ್ನು ಸೇರುವುದು ಇಲ್ಲಿಯೇ. ಗೂಡಿನ ಒಳಗೋಡೆಯ ತೇವಾಂಶದ ಮೇಲ್ಮೈ ಸೆಳೆತವು ಅದನ್ನು ಸದಾ ಮುಚ್ಚಲೆಳಸುತ್ತದೆ. ಗೋಡೆಯ ಜೀವಕೋಶಗಳು ಸ್ರವಿಸುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಈ ಸೆಳೆತವನ್ನು ತಗ್ಗಿಸಿ ಗೂಡುಗಳು ತೆರೆದಿರುವಂತೆ ನೋಡಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡ 78ರಷ್ಟಿರುವ ಸಾರಜನಕವು ರಕ್ತಕ್ಕೆ ಬಹಳ ನಿಧಾನವಾಗಿ ಹೀರಲ್ಪಡುವುದರಿಂದ ಅದೂ ಗೂಡುಗಳಿಗೆ ಆಸರೆಯಾಗಿ ನಿಲ್ಲುತ್ತದೆ.

ಗೂಡುಗಳು ಕುಸಿದಾಗ ಆ ಭಾಗದ ಮೂಲಕ ಹರಿಯುವ ರಕ್ತಕ್ಕೆ ಆಮ್ಲಜನಕ ದೊರೆಯುವುದಿಲ್ಲ. ಕುಸಿತ ದೊಡ್ಡದಾದಷ್ಟೂ ದೇಹಕ್ಕೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಕುಸಿದ ಭಾಗದಲ್ಲಿ ಕಫ ನಿಂತರೆ ಸೋಂಕು ತಗಲುವ ಸಂಭವವೂ ಇದೆ.

ಕಾರಣಗಳು

ಅಡಚಣೆ: ದಪ್ಪ ಕಫ, ಗೆಡ್ಡೆ ಅಥವಾ ಹೊರಗಿನ ವಸ್ತು ಶ್ವಾಸನಾಳದ ಕವಲನ್ನು ಮುಚ್ಚಿದರೆ, ಅದರಾಚೆ ಉಳಿದ ಗಾಳಿಯನ್ನು ರಕ್ತವು ಕ್ರಮೇಣ ಹೀರಿಕೊಳ್ಳುತ್ತದೆ, ಆ ಭಾಗ ಕುಸಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಕಡಲೆಕಾಯಿ ಬೀಜದಂತಹ ವಸ್ತು ಉಸಿರಿನೊಡನೆ ಒಳಸೇರುವುದುಂಟು. ಬಲ ಕವಲು ಎಡ ಕವಲಿಗಿಂತ ಅಗಲವೂ ನೇರವೂ ಆಗಿರುವುದರಿಂದ ಅವು ಹೆಚ್ಚಾಗಿ ಬಲಕ್ಕೆ ಇಳಿಯುತ್ತವೆ. ಕ್ಷಯರೋಗದಿಂದ ಊದಿಕೊಂಡ ದುಗ್ಧಗ್ರಂಥಿಗಳೂ ಹೊರಗಿನಿಂದ ಕವಲನ್ನು ಅದುಮಬಲ್ಲವು.

ಒತ್ತಡ: ಎದೆಗೂಡಿನಲ್ಲಿ ನೀರು, ರಕ್ತ ಅಥವಾ ಗಾಳಿ ತುಂಬಿಕೊಂಡರೆ ಶ್ವಾಸಕೋಶವು ಅದುಮಿಹೋಗುತ್ತದೆ.

ಸರ್ಫ್ಯಾಕ್ಟಂಟ್ ಕೊರತೆ: ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಈ ವಸ್ತು ಸಾಕಷ್ಟು ತಯಾರಾಗಿರುವುದಿಲ್ಲ. ಇಂತಹ ಶಿಶುಗಳ ಉಸಿರಾಟದ ತೊಂದರೆಗೆ ಇದೇ ಕಾರಣವೆಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ ಪ್ಯಾಟ್ರಿಕ್ ಹುಟ್ಟಿದ ಎರಡು ದಿನಗಳಲ್ಲಿ ಇದೇ ತೊಂದರೆಯಿಂದ ತೀರಿಕೊಂಡನು. ಸರ್ಫ್ಯಾಕ್ಟಂಟನ್ನು ಹೊರಗಿನಿಂದ ಕೊಡುವ ಚಿಕಿತ್ಸೆ ಆಗ ಇರಲಿಲ್ಲ.

ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ: ಪೂರ್ಣ ಅರಿವಳಿಕೆ ಪಡೆದವರಲ್ಲಿ ಸುಮಾರು ಶೇಕಡ 90ರಷ್ಟು ಜನರಲ್ಲಿ ಅಲ್ಪಸ್ವಲ್ಪವಾದರೂ ಕುಸಿತ ಕಾಣಿಸಿಕೊಳ್ಳುತ್ತದೆ. ಸ್ನಾಯುಗಳು ಸಡಿಲಗೊಂಡು ವಪೆಯು ಮೇಲೇರುವುದು, ಅಂಗಾತ ಮಲಗಿರುವುದು ಮತ್ತು ಹೆಚ್ಚು ಸಾಂದ್ರತೆಯ ಆಮ್ಲಜನಕ ನೀಡುವುದು ಇದಕ್ಕೆ ಕಾರಣಗಳು. ಎದೆ ಅಥವಾ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಯಾದವರು ಗಾಯದ ನೋವಿಗೆ ಅಂಜಿ ಮೇಲುಸಿರು ಬಿಡುತ್ತಾರೆ, ಕೆಮ್ಮನ್ನು ತಡೆಹಿಡಿಯುತ್ತಾರೆ. ಇದರಿಂದ ಕುಸಿತ ಮುಂದುವರಿಯುತ್ತದೆ. ಧೂಮಪಾನಿಗಳಿಗೆ, ಸ್ಥೂಲಕಾಯರಿಗೆ ಮತ್ತು ಹಾಸಿಗೆ ಹಿಡಿದವರಿಗೆ ಅಪಾಯ ಹೆಚ್ಚು.

ಲಕ್ಷಣಗಳು ಮತ್ತು ಪತ್ತೆ

ಸಣ್ಣ ಪ್ರಮಾಣದ ಕುಸಿತದಲ್ಲಿ ಯಾವ ಲಕ್ಷಣವೂ ಇಲ್ಲದಿರಬಹುದು. ಹೆಚ್ಚಿನ ಭಾಗ ಕುಸಿದಾಗ ಏದುಸಿರು, ವೇಗವಾದ ಉಸಿರಾಟ ಹಾಗೂ ನಾಡಿಬಡಿತ, ತುಟಿ ನೀಲಿಗಟ್ಟುವುದು ಕಂಡುಬರುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ಜ್ವರಕ್ಕೆ ಅಟೆಲೆಕ್ಟಾಸಿಸ್ ಕಾರಣವೆಂಬ ಮಾತು ಬಹುಕಾಲ ರೂಢಿಯಲ್ಲಿತ್ತು. ಇದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಆದ್ದರಿಂದ ಜ್ವರ ಬಂದಾಗ ಬೇರೆ ಕಾರಣಗಳನ್ನು ಹುಡುಕುವುದು ಅಗತ್ಯ.

ವೈದ್ಯರು ಎದೆಯನ್ನು ಬೆರಳಿನಿಂದ ತಟ್ಟಿದಾಗ ಕುಸಿದ ಭಾಗದಲ್ಲಿ ಮಂದ ಸದ್ದು ಬರುತ್ತದೆ. ಸ್ಟೆತಾಸ್ಕೋಪಿನಲ್ಲಿ ಉಸಿರಿನ ಸದ್ದು ಕ್ಷೀಣವಾಗಿ ಕೇಳುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಕುಸಿದ ಭಾಗ ಬಿಳಿಯಾಗಿ ಕಾಣುತ್ತದೆ. ಕುಸಿತ ದೊಡ್ಡದಾಗಿದ್ದು ಅಡಚಣೆಯಿಂದ ಉಂಟಾಗಿದ್ದರೆ ಶ್ವಾಸನಾಳವು ಕುಸಿದ ಕಡೆಗೇ ವಾಲುತ್ತದೆ, ಆ ಬದಿಯ ವಪೆ ಮೇಲೇರಿರುತ್ತದೆ. ಎದೆಯಲ್ಲಿ ನೀರು ಹೆಚ್ಚಾಗಿ ತುಂಬಿಕೊಂಡಾಗಲೂ ಚಿತ್ರ ಬಿಳಿಯಾಗಿಯೇ ಕಾಣುವುದು. ಆದರೆ ಆಗ ಶ್ವಾಸನಾಳ ಎದುರು ಬದಿಗೆ ತಳ್ಳಲ್ಪಡುತ್ತದೆ. ಸಿ.ಟಿ. ಸ್ಕ್ಯಾನ್ ಮತ್ತು ಅಲ್ಟ್ರಾಸೌಂಡ್ ಇನ್ನಷ್ಟು ಸ್ಪಷ್ಟತೆ ನೀಡುತ್ತವೆ. ಬ್ರಾಂಕೋಸ್ಕೋಪಿಯಿಂದ ಅಡಚಣೆಯನ್ನು ಕಣ್ಣಾರೆ ನೋಡಬಹುದು.

ತಡೆಗಟ್ಟುವಿಕೆ

* ಶಸ್ತ್ರಚಿಕಿತ್ಸೆಗೆ ಕೆಲವು ವಾರಗಳ ಮೊದಲೇ ಧೂಮಪಾನವನ್ನು ನಿಲ್ಲಿಸಬೇಕು. ದೀರ್ಘ ಉಸಿರಾಟದ ಅಭ್ಯಾಸವನ್ನು ಆಗಲೇ ಕಲಿತಿರಬೇಕು.
* ಶಸ್ತ್ರಚಿಕಿತ್ಸೆಯ ನಂತರ ನೋವನ್ನು ಸಹಿಸಿಕೊಂಡು ಸುಮ್ಮನಿರಬಾರದು. ನೋವು ತಗ್ಗಿದರೆ ಮಾತ್ರ ಆಳವಾಗಿ ಉಸಿರಾಡಲು ಸಾಧ್ಯ.
* ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿದು ಕೆಮ್ಮಿ ಕಫವನ್ನು ಹೊರಹಾಕಬೇಕು.
* ವೈದ್ಯರು ಅನುಮತಿಸಿದ ಕೂಡಲೇ ಎದ್ದು ಕೂರಬೇಕು, ನಡೆದಾಡಬೇಕು. ಏಳಲಾಗದವರನ್ನು ತಲೆಭಾಗ ಎತ್ತರಿಸಿ ಮಲಗಿಸಿ, ಆಗಾಗ ಮಗ್ಗುಲು ಬದಲಿಸಬೇಕು.
* ಮೂರು ಚೆಂಡುಗಳ ಸ್ಪೈರೋಮೀಟರನ್ನು ಕೊಟ್ಟಿದ್ದರೆ ಅದರೊಳಗೆ ಊದಬಾರದು. ಉಸಿರನ್ನು ನಿಧಾನವಾಗಿ ಒಳಗೆಳೆದುಕೊಂಡು ಕೆಲವು ಕ್ಷಣ ಹಿಡಿದಿಡಬೇಕು. ಈ ಉಪಕರಣವೊಂದೇ ಸಾಲದು. ಉಳಿದ ಕ್ರಮಗಳೂ ಜೊತೆಗಿರಬೇಕು.
* ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ ಮುಂತಾದವನ್ನು ಕೊಡಬಾರದು.
* ಅವಧಿಪೂರ್ವ ಹೆರಿಗೆಯ ಸಂಭವವಿದ್ದಾಗ ತಾಯಿಗೆ ನೀಡುವ ಸ್ಟೀರಾಯ್ಡ್ ಚುಚ್ಚುಮದ್ದು ಶಿಶುವಿನ ಶ್ವಾಸಕೋಶ ಬೇಗ ಪಕ್ವವಾಗಲು ನೆರವಾಗುತ್ತದೆ.

ಚಿಕಿತ್ಸೆ

ಚಿಕಿತ್ಸೆಯು ಕಾರಣವನ್ನು ಅವಲಂಬಿಸಿದೆ. ಕಫವನ್ನು ಸಡಿಲಿಸಲು ಎದೆಯ ಫಿಸಿಯೋಥೆರಪಿ, ಒಳಸೇರಿದ ವಸ್ತುವನ್ನು ತೆಗೆಯಲು ಬ್ರಾಂಕೋಸ್ಕೋಪಿ, ಎದೆಯಲ್ಲಿ ತುಂಬಿದ ನೀರನ್ನು ಹೊರತೆಗೆಯಲು ಕೊಳವೆ, ಶಿಶುಗಳಿಗೆ ಸರ್ಫ್ಯಾಕ್ಟಂಟ್ ಬಳಕೆಯಲ್ಲಿವೆ. ಮುಖವಾಡದ ಮೂಲಕ ಒತ್ತಡದ ಗಾಳಿ ನೀಡಿ ಕುಸಿದ ಗೂಡುಗಳನ್ನು ತೆರೆಯುವುದೂ ಉಂಟು. ಕುಸಿತವು ಬಹುಕಾಲ ಹಾಗೆಯೇ ಉಳಿದರೆ ಅಂಗಾಂಶ ಗಡುಸಾಗಿ ಮತ್ತೆ ಹಿಗ್ಗದಿರಬಹುದು. ಆದ್ದರಿಂದ ಉಸಿರಾಟದ ತೊಂದರೆ ಹಠಾತ್ತನೆ ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.